500 ಮರದಿಂದ 33,838 ಮರಕ್ಕೆ: ಪೆರಿಫೆರಲ್ ರಿಂಗ್ ರೋಡ್‌ನ ಪರಿಸರ ವರದಿ ಹೇಗೆ ಕೋರ್ಟ್‌ನಲ್ಲಿ ಬಿದ್ದುಹೋಯ್ತು

ಒಂದು ರಸ್ತೆಗೋಸ್ಕರ ಎಷ್ಟು ಮರ ಕಡೀಬೇಕಾಗುತ್ತೆ ಅಂತ ಲೆಕ್ಕ ಹಾಕೋದು ಅಂಥಾ ದೊಡ್ಡ ವಿದ್ಯೆ ಏನಲ್ಲ. ನಾಲ್ಕು ಜನ, ಒಂದು ಟೇಪು, ಒಂದು ಡಬ್ಬ ಬಣ್ಣ, ಒಂದು ನೋಟ್‌ಬುಕ್ ಇದ್ರೆ ಸಾಕು. ಬದು ಹಿಡ್ಕೊಂಡು ನಡೀಬೇಕು, ಎದೆ ಮಟ್ಟದಲ್ಲಿ ಮರದ ಸುತ್ತಳತೆ ತಗೋಬೇಕು, ನಂಬರ್ ಬರೀಬೇಕು, ಮುಂದಿನ ಮರಕ್ಕೆ ಹೋಗ್ಬೇಕು. ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡ್, ನಾವೆಲ್ಲ ಪಿಆರ್‌ಆರ್ ಅಂತೀವಲ್ಲ ಅದಕ್ಕೆ, ಮೊದಲನೇ ಪರಿಸರ ವರದಿ ಹೇಳಿದ್ದು ಐನೂರರ ಆಸುಪಾಸು ಮರ ಹೋಗುತ್ತೆ ಅಂತ. ಕೇಸು ಕೋರ್ಟ್ ಮೆಟ್ಟಿಲು ಹತ್ತೋ ಹೊತ್ತಿಗೆ ಅದು 16 ಸಾವಿರ ದಾಟಿತ್ತು. 2020ರಲ್ಲಿ ಹೊಸದಾಗಿ ಮಾಡಿದ ವರದಿಯಲ್ಲಿ 33,838. ರಸ್ತೆ ಅದೇ, ಹಳ್ಳಿಗಳೂ ಅವೇ. 65 ಕಿಲೋಮೀಟರ್‌ಗೆ ಭಾಗಿಸಿ ನೋಡಿ, ಕಿಲೋಮೀಟರ್‌ಗೆ 520 ಮರ ಬರುತ್ತೆ, ಅಂದ್ರೆ ಮೊದಲು ಇಡೀ ರಸ್ತೆಗೆ ಹೇಳಿದ್ದ ಲೆಕ್ಕ ಆಮೇಲೆ ಒಂದೊಂದು ಕಿಲೋಮೀಟರ್‌ಗೇ ಬಂತು.

ಈ ಪ್ರಕರಣನ ಪೂರ್ತಿಯಾಗಿ ಬರೀಬೇಕು ಅಂತ ತುಂಬಾ ದಿನದಿಂದ ಅನ್ಕೊಂಡಿದ್ದೆ. ಯಾಕಂದ್ರೆ ಪಿಆರ್‌ಆರ್ ಅಂದ ತಕ್ಷಣ ಮಾತು ಒಂದೋ ಟ್ರಾಫಿಕ್ ಕಡೆ ಹೋಗುತ್ತೆ, ಇಲ್ಲ ಪರಿಹಾರದ ದುಡ್ಡಿನ ಕಡೆ ಹೋಗುತ್ತೆ, ಮಧ್ಯದಲ್ಲಿ ಇರೋ ಆ ವರದಿ ಬಗ್ಗೆ, ಅದನ್ನ ಹೇಗೆ ಮಾಡಿದ್ರು, ಯಾಕೆ ಅದು ಸುಪ್ರೀಂ ಕೋರ್ಟ್‌ನಲ್ಲಿ ನಿಲ್ಲಲಿಲ್ಲ ಅನ್ನೋದರ ಬಗ್ಗೆ ಕನ್ನಡದಲ್ಲಿ ಕೂತು ಮಾತಾಡಿದವರು ಕಡಿಮೆ.

ಮೊದಲೇ ಹೇಳಿಬಿಡ್ತೀನಿ, ರಸ್ತೆನೇ ಬೇಡ ಅನ್ನೋ ವಾದ ನಂದಲ್ಲ. ಹೆಬ್ಬಾಳದಲ್ಲೋ ಟಿನ್ ಫ್ಯಾಕ್ಟರಿ ಹತ್ರನೋ ಲಾರಿಗಳ ಮಧ್ಯೆ ಮುಕ್ಕಾಲು ಗಂಟೆ ಸಿಕ್ಕಿಹಾಕೊಂಡವರಿಗೆ ಈ ರಸ್ತೆ ಯಾಕೆ ಬೇಕು ಅಂತ ಯಾರೂ ವಿವರಿಸಬೇಕಾಗಿಲ್ಲ. ತುಮಕೂರು ರೋಡ್‌ನಿಂದ ಶುರುವಾಗಿ ಬಳ್ಳಾರಿ ರೋಡ್, ಹಳೇ ಮದ್ರಾಸ್ ರೋಡ್ ದಾಟಿ ಹೊಸೂರು ರೋಡ್‌ಗೆ ಸೇರೋ 8 ಲೇನ್ ರಸ್ತೆ, ಇನ್ನೊಂದು ಪಕ್ಕದಲ್ಲಿ ನೈಸ್ ರೋಡ್ ಆಗಲೇ ಇದೆ, ಎರಡೂ ಕೂಡಿದ್ರೆ ಊರ ಸುತ್ತ ಒಂದು ಉಂಗುರ. ಬೇರೆ ಊರಿಂದ ಬೇರೆ ಊರಿಗೆ ಹೋಗೋ ಗಾಡಿಗಳು ಹೊರಗಿಂದ ಹೊರಗೇ ಹೋಗ್ಲಿ ಅನ್ನೋದು ಲೆಕ್ಕಾಚಾರ. ಇದರಲ್ಲಿ ತಪ್ಪೇನಿಲ್ಲ. ತಪ್ಪಾಗಿದ್ದು ಕೆಲಸ ಮಾಡಿದ ಕ್ರಮದಲ್ಲಿ.

ಕ್ರಮ ಹೇಗಿತ್ತು ನೋಡಿ. ಈ ಯೋಜನೆ ಬಿಡಿಎದು, ಅಂದ್ರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ್ದು. ಅದು ಜಮೀನಿಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿದ್ದು 2005ರಲ್ಲಿ. ಅಂತಿಮ ಅಧಿಸೂಚನೆ 2007ರಲ್ಲಿ, 1,810 ಎಕರೆ. ಯಾವ ಸರ್ವೆ ನಂಬರ್, ಎಷ್ಟು ಗುಂಟೆ ಅನ್ನೋದೆಲ್ಲ ಗೆಜೆಟ್‌ನಲ್ಲಿ ಬಂದುಬಿಟ್ಟಿತ್ತು. ಪರಿಸರ ಅನುಮತಿಗೆ ಅರ್ಜಿ ಹಾಕಿದ್ದು ಯಾವಾಗ? 2009ರಲ್ಲಿ. ಧಾರೆ ಎರೆದಾದ ಮೇಲೆ ಜಾತಕ ತೋರಿಸೋಕೆ ಹೋದ ಹಾಗೆ. ರಸ್ತೆ ಎಲ್ಲಿ ಹೋಗುತ್ತೆ ಅಂತ ತೀರ್ಮಾನ ಆದಮೇಲೆ, ಇಲ್ಲಿ ಹೋಗಬಹುದಾ ಅಂತ ಕೇಳೋ ಪ್ರಶ್ನೆಗೆ ಏನು ಬೆಲೆ ಉಳಿಯುತ್ತೆ ಹೇಳಿ. ಇಐಎ ವರದಿಯಲ್ಲಿ, ಅಂದ್ರೆ ಯೋಜನೆಯಿಂದ ಪರಿಸರಕ್ಕೆ ಏನಾಗುತ್ತೆ ಅಂತ ಅಳೆದು ಬರೆಯೋ ವರದಿಯಲ್ಲಿ, ಪರ್ಯಾಯಗಳ ಬಗ್ಗೆ ಒಂದು ಅಧ್ಯಾಯ ಇರಲೇಬೇಕು, ಬೇರೆ ಮಾರ್ಗ ಇತ್ತಾ, ರಸ್ತೆ ಬಿಟ್ಟು ಬೇರೆ ಉಪಾಯ ಇತ್ತಾ ಅಂತ. ಜಮೀನು ಆಗಲೇ ನೋಟಿಫೈ ಆಗಿರೋವಾಗ ಆ ಅಧ್ಯಾಯಕ್ಕೆ ಜೀವ ಎಲ್ಲಿಂದ ಬರ್ಬೇಕು, ಯಾರು ಬರೆದ್ರೂ ಅದು ಒಂದು ಔಪಚಾರಿಕತೆ ಆಗಿಬಿಡುತ್ತೆ. ಪಿಆರ್‌ಆರ್‌ಗಿಂತ ಇನ್ನೂ ಹೊರಗಡೆ ಸುಮಾರು 280 ಕಿಲೋಮೀಟರ್‌ನ ಸ್ಯಾಟಲೈಟ್ ಟೌನ್ ರಿಂಗ್ ರೋಡ್ ಹೆದ್ದಾರಿ ಪ್ರಾಧಿಕಾರದ ಕೈಲಿದೆ, ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ಗಾಡಿಗಳು ಓಡಾಡ್ತಾನೂ ಇವೆ, ಲಾರಿಗಳೆಲ್ಲ ಅದರಲ್ಲೇ ಹೋದ್ರೆ ಇದಕ್ಕೆ 8 ಲೇನ್ ಬೇಕಾ ಅಂತ ಕೇಳೋದು ಪರ್ಯಾಯ ಅಧ್ಯಾಯದ ಕೆಲಸ.

ಕಾನೂನು ಏನು ಕೇಳುತ್ತೆ ಅಂತ ಸ್ವಲ್ಪ ಹೇಳ್ಬೇಕು, ಇಲ್ದಿದ್ರೆ ಮುಂದಿನದು ಅರ್ಥ ಆಗಲ್ಲ. 2006ರ ಸೆಪ್ಟೆಂಬರ್ 14ರ ಇಐಎ ಅಧಿಸೂಚನೆ ಪ್ರಕಾರ ಯೋಜನೆ ಮಾಡೋರು ಮೊದಲು ಫಾರ್ಮ್ 1 ಅಂತ ಒಂದು ಅರ್ಜಿ ತುಂಬ್ತಾರೆ. ಅಲ್ಲಿ ಕಾಡು ಇದೆಯಾ, ಕೆರೆ ಇದೆಯಾ, ಪೈಪ್‌ಲೈನ್ ಇದೆಯಾ, ಎಲ್ಲಾ ಪ್ರಾಮಾಣಿಕವಾಗಿ ಬರೀಬೇಕು. ಅದನ್ನ ನೋಡಿ ರಾಜ್ಯದ ತಜ್ಞರ ಸಮಿತಿ, ನೀವು ಇಂತಿಂಥದ್ದನ್ನ ಅಧ್ಯಯನ ಮಾಡಿ ಅಂತ ಟರ್ಮ್ಸ್ ಆಫ್ ರೆಫರೆನ್ಸ್ ಕೊಡುತ್ತೆ. ಆಮೇಲೆ ಅಧ್ಯಯನ, ಕರಡು ವರದಿ, ಜನರ ಮುಂದೆ ಸಾರ್ವಜನಿಕ ಅಹವಾಲು ಸಭೆ, ಅಂತಿಮ ವರದಿ, ಮತ್ತೆ ಸಮಿತಿ ಮುಂದೆ, ಕೊನೆಗೆ ರಾಜ್ಯದ ಪರಿಸರ ಪ್ರಾಧಿಕಾರದ ಅನುಮತಿ. ಒಂದು ವಿಚಾರ ಗಮನಿಸಿ, ಈ ಇಡೀ ಸರಪಳಿ ನಿಂತಿರೋದು ಮೊದಲನೇ ಕೊಂಡಿ ಮೇಲೆ. ಫಾರ್ಮ್ 1ರಲ್ಲಿ ಕಾಡು ಇಲ್ಲ ಅಂತ ಬರೆದ್ರೆ ಸಮಿತಿ ಕಾಡಿನ ಬಗ್ಗೆ ಅಧ್ಯಯನ ಮಾಡಿ ಅಂತ ಕೇಳೋದೇ ಇಲ್ಲ, ಕೇಳದೇ ಇದ್ರೆ ವರದಿಯಲ್ಲಿ ಅದು ಬರೋದೇ ಇಲ್ಲ, ವರದಿಯಲ್ಲಿ ಬರ್ದೇ ಇದ್ರೆ ಅಹವಾಲು ಸಭೆಗೆ ಬಂದ ಜನಕ್ಕೆ ಅದರ ಬಗ್ಗೆ ಮಾತಾಡೋ ಅವಕಾಶನೇ ಇರಲ್ಲ.

ಪಿಆರ್‌ಆರ್‌ನಲ್ಲಿ ಆಗಿದ್ದು ಸರಿಯಾಗಿ ಇದೇ. ಶುರುವಿನ ಕಾಗದದಲ್ಲಿ ಕಾಡಿನ ಸುದ್ದಿ ಇರಲಿಲ್ಲ, ಆದರೆ ಮಾರ್ಗ ಹೋಗ್ತಿದ್ದದ್ದು ಯಲಹಂಕ ಹತ್ರದ ಜಾರಕಬಂಡೆ ಕಾವಲ್ ಮೀಸಲು ಅರಣ್ಯದ ಮೂಲಕ.

ಜಾರಕಬಂಡೆ ಕಾವಲ್‌ಗೆ ನಾನು ಒಂದು ಭಾನುವಾರ ಬೆಳಿಗ್ಗೆ ಹೋಗಿದ್ದೆ. ಯಲಹಂಕ ಕಡೆಯೋರಿಗೆ ಅವಲಹಳ್ಳಿ ಫಾರೆಸ್ಟ್ ಅಂದ್ರೆ ಬೇಗ ಗೊತ್ತಾಗುತ್ತೆ. ದೊಡ್ಡ ಕಾಡು ಅಂತ ಹೇಳೋಕಾಗಲ್ಲ, ನೀಲಗಿರಿ ಜಾಸ್ತಿ, ಮಧ್ಯೆ ಮಧ್ಯೆ ಕುರುಚಲು, ಕೆಂಪು ಮಣ್ಣಿನ ಕಾಲುದಾರಿ. ಸೈಕಲ್ ತುಳಿಯೋ ಹುಡುಗರು, ವಾಕಿಂಗ್ ಬರೋ ವಯಸ್ಸಾದವರು. ಒಂದು ತಿರುವಿನಲ್ಲಿ ನಿಂತಿದ್ದಾಗ ಪೊದೆಯೊಳಗಿಂದ ನವಿಲು ಕೂಗ್ತು, ಅದಕ್ಕೆ ಉತ್ತರವಾಗಿ ಇನ್ನೊಂದು ದೂರದಿಂದ, ನಾನು ಹತ್ತು ನಿಮಿಷ ಅಲ್ಲೇ ನಿಂತಿದ್ದೆ. ಸುತ್ತಲೂ ಅಪಾರ್ಟ್‌ಮೆಂಟು ಎದ್ದಿರೋ ಜಾಗದಲ್ಲಿ ಇಷ್ಟು ಹಸಿರು ಉಳಿದಿರೋದು ಅದು ಮೀಸಲು ಅರಣ್ಯ ಅನ್ನೋ ಒಂದೇ ಕಾರಣಕ್ಕೆ. ಕಾಗದದಲ್ಲಿ ಮೀಸಲು ಅಂತ ಬರೆದಿದ್ದರಿಂದ ಉಳೀತು, ಇನ್ನೊಂದು ಕಾಗದದಲ್ಲಿ ಕಾಡು ಅಂತ ಬರೀದೇ ಇದ್ದದ್ದರಿಂದ ಹೋಗೋದರಲ್ಲಿತ್ತು. ಅರಣ್ಯ ಜಮೀನನ್ನ ರಸ್ತೆಗೆ ಕೊಡೋಕೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಕೆಳಗೆ ಕೇಂದ್ರದ ಒಪ್ಪಿಗೆ ಬೇರೆ ಬೇಕು, ಅದು ಪ್ರತ್ಯೇಕ ದಾರಿ, ಅಂದ್ರೆ ಇದನ್ನ ಮೊದಲೇ ಹೇಳಿದ್ದಿದ್ರೆ ಆ ಕೆಲಸನೂ ಮೊದಲೇ ಶುರುವಾಗ್ತಿತ್ತು.

ಇನ್ನು ಮರದ ಲೆಕ್ಕ. 1,810 ಎಕರೆಯಲ್ಲಿ 500 ಮರ ಅಂದ್ರೆ ಸುಮಾರು ಮೂರೂವರೆ ಎಕರೆಗೆ ಒಂದು ಮರ. ಬೆಂಗಳೂರು ಉತ್ತರದ ಯಾವ ಹೊಲದಲ್ಲಿ ಬೇಕಾದ್ರೂ ನಿಂತು ನೋಡಿ, ಮೂರೂವರೆ ಎಕರೆಯಲ್ಲಿ ಒಂದೇ ಮರ ಇರೋ ಜಾಗ ಸಿಗುತ್ತಾ? ಬದುವಿನಲ್ಲಿ ಹೊಂಗೆ, ಬೇವು, ಬಾವಿ ಹತ್ರ ಹುಣಸೆ, ಮನೆ ಹಿಂದೆ ಹಲಸು, ತೆಂಗು, ಪಕ್ಕದವರು ಮಾವಿನ ತೋಪು ಹಾಕಿದ್ರೆ ಅಲ್ಲೇ ಎಕರೆಗೆ ನಲವತ್ತು ಐವತ್ತು. ಆ ವರದಿ ನೋಡಿದ ಸಮಿತಿಯಲ್ಲಿ ಒಬ್ಬರಾದ್ರೂ ಈ ಸಣ್ಣ ಭಾಗಾಕಾರ ಮಾಡಿದ್ದಿದ್ರೆ ಅವತ್ತೇ ವರದಿನ ವಾಪಸ್ ಕಳಿಸಬಹುದಿತ್ತು. ಇದು ನನಗೆ ತುಂಬಾ ಬೇಜಾರಾಗೋ ವಿಷಯ, ಯಾಕಂದ್ರೆ ಇದಕ್ಕೆ ವಿಜ್ಞಾನ ಬೇಡ, ಹಳ್ಳಿ ಒಂದ್ಸಲ ನೋಡಿರಬೇಕು ಅಷ್ಟೇ.

ಹಳೇ ಡೇಟಾದ ವಿಷಯ ಮರಕ್ಕಿಂತ ಗಂಭೀರ ಅಂತ ನನ್ನ ಅಭಿಪ್ರಾಯ. ಗಾಳಿ, ನೀರು, ಶಬ್ದ, ಮಣ್ಣು ಇವೆಲ್ಲ ಈಗ ಹೇಗಿದೆ ಅಂತ ಅಳತೆ ಮಾಡ್ತಾರಲ್ಲ, ಬೇಸ್‌ಲೈನ್ ಅಂತಾರೆ, ಅದನ್ನ ಮಾಡಿದ್ದು 2009-10ರ ಚಳಿಗಾಲದಲ್ಲಿ. ಅನುಮತಿ ಸಿಕ್ಕಿದ್ದು 2014ರ ನವೆಂಬರ್ 20ಕ್ಕೆ. ಹತ್ತಿರ ಹತ್ತಿರ ಐದು ವರ್ಷ. ಮೂರು ವರ್ಷಕ್ಕಿಂತ ಹಳೇ ಡೇಟಾ ಬಳಸಬಾರದು ಅಂತ ಕೇಂದ್ರ ಪರಿಸರ ಸಚಿವಾಲಯವೇ ಹೇಳಿದೆ, ಆ ನಿಯಮಕ್ಕೆ ಕಾರಣನೂ ಇದೆ. ದೇವನಹಳ್ಳಿ ಏರ್‌ಪೋರ್ಟ್ ಶುರುವಾಗಿದ್ದು 2008ರ ಮೇನಲ್ಲಿ, ಅಲ್ಲಿಂದ ಮುಂದಿನ ಐದಾರು ವರ್ಷದಲ್ಲಿ ಬೆಂಗಳೂರಿನ ಆ ದಿಕ್ಕು ಬದಲಾದ ಹಾಗೆ ಬೇರೆ ಯಾವುದೂ ಬದಲಾಗ್ಲಿಲ್ಲ, ದ್ರಾಕ್ಷಿ ತೋಟ ಇದ್ದ ಕಡೆ ಲೇಔಟು, ಲೇಔಟ್ ಇದ್ದ ಕಡೆ ಅಪಾರ್ಟ್‌ಮೆಂಟು, ಅಂಥಾ ಜಾಗಕ್ಕೆ ಐದು ವರ್ಷ ಹಿಂದಿನ ಗಾಳಿಯ ಅಳತೆ ಇಟ್ಕೊಂಡು ಇಲ್ಲಿ 8 ಲೇನ್ ಬಂದ್ರೆ ಎಷ್ಟು ಹೊಗೆ ಕೂಡುತ್ತೆ ಅಂತ ಹೇಳಿದ್ರೆ ಆ ಉತ್ತರ ಯಾವ ಊರಿಗೆ ಸಂಬಂಧಪಟ್ಟದ್ದು? ಐದು ವರ್ಷ ಹಿಂದಿನ ಬ್ಲಡ್ ರಿಪೋರ್ಟ್ ನೋಡಿ ಇವತ್ತು ಆಪರೇಷನ್ ಮಾಡಿ ಅಂದ್ರೆ ಯಾವ ಡಾಕ್ಟರೂ ಒಪ್ಪಲ್ಲ. ರಸ್ತೆ ಮಾರ್ಗದಲ್ಲಿ ಹೋಗೋ ಗ್ಯಾಸ್ ಪೈಪ್‌ಲೈನ್ ವಿಷಯನೂ ವರದಿಯಲ್ಲಿ ಸರಿಯಾಗಿ ಬಂದಿರಲಿಲ್ಲ, ಅದು ಆಮೇಲೆ ಕೋರ್ಟ್ ಎತ್ತಿ ಹೇಳಿದ ಕೊರತೆಗಳಲ್ಲಿ ಒಂದು.

ಚಳಿಗಾಲ ಅಂದೆನಲ್ಲ, ನೀರಿನ ಮಾತಿಗೆ ಬರೋಣ. ಬೆಂಗಳೂರು ಕೂತಿರೋದು ದಿಣ್ಣೆ ಮೇಲೆ. ಈ ಕಡೆ ಬಿದ್ದ ಮಳೆ ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತೆ, ಆ ಕಡೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ತುಮಕೂರು ರೋಡ್‌ನಿಂದ ಹೊಸೂರು ರೋಡ್‌ವರೆಗೂ ಅರ್ಧ ಚಂದ್ರದ ಹಾಗೆ ಸುತ್ತೋ ಈ ರಸ್ತೆ ಎರಡೂ ಕಣಿವೆಗಳ ತಲೆ ಮೇಲೆ ಹಾದುಹೋಗುತ್ತೆ. ಪಶ್ಚಿಮದ ತುದಿಯಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನ ಪ್ರದೇಶ ಬರುತ್ತೆ. ಅರ್ಕಾವತಿ, ಕುಮುದ್ವತಿ ಸೇರೋ ಜಾಗದಲ್ಲಿ 1930ರ ದಶಕದಲ್ಲಿ ಕಟ್ಟಿದ ಕೆರೆ ಅದು, ಕಾವೇರಿ ನೀರು ಬರೋಕೆ ಮುಂಚೆ ಊರಿಗೆ ನೀರು ಕುಡಿಸಿದ್ದು. ಅದರ ಜಲಾನಯನ ಉಳಿಸ್ಬೇಕು ಅಂತ 2003ರಲ್ಲೇ ಸರ್ಕಾರ ಆದೇಶ ಮಾಡಿ ವಲಯಗಳನ್ನ ಗುರುತಿಸಿತ್ತು. ಅಲ್ಲಿ ರಸ್ತೆ ಅಂದ್ರೆ ಡಾಂಬರು ಅಷ್ಟೇ ಅಲ್ಲ, ಎರಡಾಳೆತ್ತರ ಮಣ್ಣಿನ ಏರಿ ಬರುತ್ತೆ, ಆ ಏರಿ ಕೆಳಗೆ ಮಳೆನೀರು ದಾಟೋಕೆ ಎಲ್ಲೆಲ್ಲಿ ಮೋರಿ ಇಡ್ತೀರಾ, ಎಷ್ಟು ಅಗಲ ಇಡ್ತೀರಾ ಅನ್ನೋದರ ಮೇಲೆ ಕೆಳಗಿನ ಕೆರೆ ತುಂಬುತ್ತೋ ಇಲ್ವೋ ನಿರ್ಧಾರ ಆಗುತ್ತೆ. ಕಾಲುವೆಯಲ್ಲಿ ನೀರು ಹರಿಯೋದನ್ನ ನೋಡ್ಬೇಕು ಅಂದ್ರೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೋಗ್ಬೇಕು, ಜನವರಿಯಲ್ಲಿ ಹೋದ್ರೆ ಅದು ದನ ಓಡಾಡೋ ದಾರಿ ಥರ ಕಾಣಿಸುತ್ತೆ. ಕೆರೆ ಏರಿ ಹತ್ರ ಹುಟ್ಟಿ ಬೆಳೆದ ಹುಡುಗನಿಗೂ ಇದು ಗೊತ್ತು.

ಕೋರ್ಟ್ ದಾರಿ

ರೈತರು, ಪರಿಸರದ ಬಗ್ಗೆ ಕಾಳಜಿ ಇದ್ದ ನಾಗರಿಕರು 2014ರ ಅನುಮತಿ ವಿರುದ್ಧ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದ್ರು. 2019ರ ಫೆಬ್ರವರಿ 8ಕ್ಕೆ ತೀರ್ಪು ಬಂತು: ಹೊಸದಾಗಿ ರಾಪಿಡ್ ಇಐಎ (ಒಂದೇ ಋತುವಿನ ಅಳತೆ ಇಟ್ಕೊಂಡು ಬೇಗ ಮಾಡೋ ಅಧ್ಯಯನ) ಮಾಡಿ, ಹಳೇ ಅನುಮತಿ ಇಟ್ಕೊಂಡು ಕೆಲಸ ಶುರುಮಾಡಬೇಡಿ. ಬಿಡಿಎ ಸುಪ್ರೀಂ ಕೋರ್ಟ್‌ಗೆ ಹೋಯ್ತು. 2020ರ ಮಾರ್ಚ್ 17ರಂದು, ಲಾಕ್‌ಡೌನ್‌ಗೆ ಒಂದು ವಾರ ಮುಂಚೆ, ನ್ಯಾಯಮೂರ್ತಿ ಚಂದ್ರಚೂಡ್ ಅವರು ಬರೆದ ತೀರ್ಪು ಬಂತು. ಇಐಎ ಪ್ರಕ್ರಿಯೆನೇ ಕಾನೂನಿನ ಪ್ರಕಾರ ದೋಷಪೂರಿತ, ಬಿಡಿಎ ಹೊಸದಾಗಿ ರಾಪಿಡ್ ಇಐಎ ಮಾಡಲಿ, ಅದಕ್ಕೆ ಆ ಕ್ಷೇತ್ರದಲ್ಲಿ ಮಾನ್ಯತೆ ಪಡೆದ ಕನ್ಸಲ್ಟೆಂಟ್‌ನೇ ಇಟ್ಕೊಳ್ಳಲಿ, ಕಾಡು, ಮರ, ಪೈಪ್‌ಲೈನ್ ಈ ಮೂರಕ್ಕೂ ಅದರಲ್ಲಿ ಉತ್ತರ ಇರಲಿ ಅಂತ.

ಆ ತೀರ್ಪಿನಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಎರಡು. ಒಂದು, ಅರ್ಜಿ ಹಾಕೋರು ಗೊತ್ತಿರೋದನ್ನೆಲ್ಲ ಮುಚ್ಚುಮರೆ ಇಲ್ದೆ ಹೇಳ್ಬೇಕು, ಅದು ಅವರ ಕರ್ತವ್ಯ ಅಂತ ಕೋರ್ಟ್ ಒತ್ತಿ ಹೇಳ್ತು. ಇನ್ನೊಂದು ಸಮಿತಿಗಳ ಬಗ್ಗೆ. ಅನುಮತಿ ಕೊಡಬಹುದು ಅಂತ ಶಿಫಾರಸು ಮಾಡೋ ತಜ್ಞರು ಯಾಕೆ ಕೊಡಬಹುದು ಅಂತ ಕಾರಣ ಬರೀಬೇಕು, ಬರೀ ಷರತ್ತುಗಳ ಪಟ್ಟಿ ಸೇರಿಸಿ ಪಾಸ್ ಮಾಡೋ ಹಾಗಿಲ್ಲ. ಕೋರ್ಟ್ ರಸ್ತೆನ ರದ್ದು ಮಾಡಲಿಲ್ಲ, ಅದನ್ನ ತುಂಬಾ ಜನ ತಪ್ಪು ತಿಳ್ಕೊಂಡಿದ್ದಾರೆ. ಮೊದಲು ಇರೋದನ್ನ ಇದ್ದ ಹಾಗೆ ಬರೆದು ತನ್ನಿ, ಆಮೇಲೆ ಮಾತಾಡೋಣ ಅಂತು.

ಹೊಸ ವರದಿ ಅದೇ ವರ್ಷ ಬಂತು, 33,838 ಮರ ಅನ್ನೋ ಸಂಖ್ಯೆ ಅದರಲ್ಲೇ ಇದ್ದದ್ದು. ಅಹವಾಲು ಸಭೆ 2020ರ ಸೆಪ್ಟೆಂಬರ್‌ನಲ್ಲಿ ನಡೀತು, ಕೋವಿಡ್ ಜೋರಾಗಿದ್ದ ಕಾಲ. ಹಳ್ಳಿಯಿಂದ ಬರೋ ಅರವತ್ತು ದಾಟಿದ ರೈತ, ಮಾಸ್ಕ್ ಹಾಕ್ಕೊಂಡು, ಸೋಂಕಿನ ಹೆದರಿಕೆಯಲ್ಲಿ, ನೂರಾರು ಜನ ಸೇರೋ ಸಭೆಗೆ ಬಂದು ತನ್ನ ಹೊಲದ ಬಗ್ಗೆ ಮಾತಾಡ್ಬೇಕು. ಅಂಥಾ ಹೊತ್ತಿನಲ್ಲಿ ಸಭೆ ಇಟ್ಟಿದ್ದು ಸರಿ ಅಂತ ನನಗೆ ಅನ್ನಿಸಲ್ಲ. ಸಭೆಯಲ್ಲಿ ರೈತರು ಹೆಚ್ಚಾಗಿ ಎತ್ತಿದ್ದು ಪರಿಹಾರದ ವಿಚಾರ, 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಕೊಡಿ ಅಂತ. ಬಿಡಿಎ ಕಾಯ್ದೆ ಕೆಳಗೆ ತಗೊಂಡ ಜಮೀನಿಗೆ ಅದು ಅನ್ವಯ ಆಗಲ್ಲ ಅಂತ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿ ಆ ಬಾಗಿಲೂ ಮುಚ್ಚಿತು. ಇಂಥಾ ಸಭೆಗಳಲ್ಲಿ ಮೇಜಿನ ಆ ಕಡೆ ಕೂತೋರು ಹೇಳೋ ಒಂದು ಮಾತಿದೆ, ಪರಿಹಾರದ ವಿಷಯ ಇಲ್ಲಿ ಬೇಡ, ಪರಿಸರದ ಬಗ್ಗೆ ಮಾತ್ರ ಮಾತಾಡಿ ಅಂತ. ಹೊಲ ಕಳ್ಕೊಳ್ಳೋನಿಗೆ ಅವನ ಬಾವಿ, ಅವನ ಹುಣಸೆ ಮರ, ಅವನ ಹಸು ಮೇಯೋ ಗೋಮಾಳ ಇವೆಲ್ಲ ಪರಿಸರ ಅಲ್ದೆ ಮತ್ತೇನು?

ಅಲ್ಲಿಂದ ಮುಂದೆ ಯೋಜನೆ ಹೆಸರೇ ಬದಲಾಯ್ತು, ಈಗ ಬೆಂಗಳೂರು ಬಿಸಿನೆಸ್ ಕಾರಿಡಾರ್. ಉದ್ದ 73 ಕಿಲೋಮೀಟರ್ ಅಂತಾಯ್ತು, ವೆಚ್ಚದ ಅಂದಾಜು 27,000 ಕೋಟಿವರೆಗೂ ಹೋಯ್ತು. ತಡ ಆಗಿದ್ದಕ್ಕೆಲ್ಲ ಪರಿಸರ ಕಾನೂನೇ ಕಾರಣ ಅಂತ ಹೇಳೋರು ತುಂಬಾ ಇದ್ದಾರೆ. ನಾನು ಒಪ್ಪಲ್ಲ. ದುಡ್ಡು ಹೊಂದಿಸೋಕಾಗದೇ ಇದ್ದದ್ದು, ಪರಿಹಾರದ ಜಗಳ, ಸರ್ಕಾರಗಳು ಬದಲಾಗಿದ್ದು ಎಲ್ಲಾ ಇದೆ. ಪರಿಸರ ವರದಿಯಿಂದ ಹೋದ ವರ್ಷಗಳೂ ಇವೆ, ಆದರೆ ಅವು ಹೋಗಿದ್ದು ವರದಿ ಕೇಳಿದ್ದಕ್ಕಲ್ಲ, ವರದಿನ ಅರೆಬರೆ ಮಾಡಿದ್ದಕ್ಕೆ. 2009ರಲ್ಲೇ ಒಂದು ಮಳೆಗಾಲ, ಒಂದು ಬೇಸಿಗೆ ಸರಿಯಾಗಿ ನಡೆದು ನೋಡಿ, ಕಾಡು ಇದೆ ಅಂತ ಒಪ್ಕೊಂಡು, ಮರ ಎಣಿಸಿ ಬರೆದಿದ್ದಿದ್ರೆ 2020ರಲ್ಲಿ ಮತ್ತೆ ಒಂದನೇ ಮೆಟ್ಟಿಲಿಂದ ಶುರುಮಾಡೋ ಗತಿ ಬರ್ತಿರಲಿಲ್ಲ.

ಆ ವರ್ಷಗಳ ಭಾರ ಯಾರ ಮೇಲೆ ಬಿತ್ತು ಅಂತ ಗೊತ್ತಾಗಿದ್ದು ನನಗೆ ಒಂದು ಹೊಲದಲ್ಲಿ. ಮಾರ್ಗದೊಳಗೆ ಬರೋ ಒಂದು ಹಳ್ಳಿ, ಹೆಸರು ಬೇಡ. ಎಪ್ಪತ್ತರ ಆಸುಪಾಸಿನ ತಾತ ಒಬ್ಬರು, ಒಂದೂವರೆ ಎಕರೆ, ರಾಗಿ ಕೊಯ್ದಾಗಿತ್ತು. ಕೂತ್ಕೊಳ್ಳಪ್ಪ ಅಂತ ಬದು ಮೇಲೆ ಟವೆಲ್ ಹಾಸಿದ್ರು. ಪ್ಲಾಸ್ಟಿಕ್ ಕವರ್‌ನಲ್ಲಿ ಮಡಿಚಿಟ್ಟಿದ್ದ ಪಹಣಿ ತೆಗೆದು ತೋರಿಸಿದ್ರು, ಮಡಿಕೆ ಜಾಗದಲ್ಲಿ ಕಾಗದ ಹರಿದು ಸೆಲ್ಲೋಟೇಪ್ ಹಾಕಿತ್ತು.

"ನೋಟಿಪಿಕೇಸನ್ ಆಗೈತೆ ಅಂತ ಬ್ಯಾಂಕ್‌ನೋರು ಸಾಲ ಕೊಡಾಕಿಲ್ಲ ಅಂದ್ರು. ಮಗಳ ಮದುವೆಗೆ ಅರ್ಧ ಎಕರೆ ಮಾರಾಣ ಅಂದ್ರೆ ತಗೊಳ್ಳೋರಿಲ್ಲ. ಬೋರ್ ಹಾಕ್ಸಾಣ ಅಂದ್ರೆ ನಾಳೆ ರೋಡಾಗೋ ಜಾಗಕ್ಕೆ ಯಾಕೆ ದುಡ್ಡು ಸುರೀತೀಯ ಅಂತ ಮಗ ಬಯ್ತಾನೆ. ಇತ್ಲಾಗೆ ರೋಡೂ ಬರ್ಲಿಲ್ಲ, ಅತ್ಲಾಗೆ ಜಮೀನೂ ನಮ್ದಾಗಿ ಉಳೀಲಿಲ್ಲ."

ಮರ ಎಣಿಸೋಕೆ ಯಾರಾದ್ರೂ ಬಂದಿದ್ರಾ ತಾತ ಅಂತ ಕೇಳ್ದೆ. ಸರ್ವೆಯವರು ಬಂದಿದ್ರು, ಕಲ್ಲು ನೆಟ್ಟು ಹೋದ್ರು, ಮರದ ಮಾತು ಯಾರೂ ಆಡಿದ್ದು ನೆನಪಿಲ್ಲ ಅಂದ್ರು. ಸರಿ ನಾವೇ ಎಣಿಸೋಣ ಅಂತ ಇಬ್ಬರೂ ಎದ್ವಿ. ಬದು ಸುತ್ತ ಒಂದು ಸುತ್ತು ಬಂದ್ವಿ, ಅವರು ಕೋಲಿಂದ ಒಂದೊಂದು ಮರ ತಟ್ಟೋರು, ನಾನು ಫೋನ್‌ನಲ್ಲಿ ಬರ್ಕೊಳ್ತಿದ್ದೆ. ಹೊಂಗೆ 9, ಬೇವು 4, ತೆಂಗು 6, ಹಲಸು 2, ಸೀಬೆ 1, ಹುಣಸೆ 1. ಒಟ್ಟು 23. ಇಪ್ಪತ್ತು ನಿಮಿಷ ಹಿಡೀತು. ಹುಣಸೆ ಹತ್ರ ಬಂದಾಗ ಅವರು ಕೋಲಿಂದ ತಟ್ಟಲಿಲ್ಲ, ಅಂಗೈ ಇಟ್ರು. ನಮ್ಮಜ್ಜ ಹಾಕಿದ್ದು ಇದು, ಇದನ್ನೂ ಬರ್ಕಂಡ್ಯಾ ಅಂದ್ರು. ಬರ್ಕೊಂಡಿದೀನಿ ತಾತ ಅಂತ ಫೋನ್ ತೋರಿಸ್ದೆ.